ನಮ್ಮ ಭಾವ ಜೀಪಿಗೆ ಆಕ್ಸಲ್ ಹಾಕಿದ್ದು

ಹೊಸಕೋಟೆ ತಾಲ್ಲೂಕಿನಲ್ಲಿ ನಮ್ಮ ಭಾವನಷ್ಟು ಕೆಟ್ಟ ಮೆಕ್ಯಾನಿಕ್ ಇನ್ನೊಬ್ಬರಿಲ್ಲ! ಇದನ್ನು ನಾನು ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ, ಅವರ ಎದುರಿಗೂ ಹೇಳಿದ್ದೇನೆ. ಸಾಕ್ಷಿಗೆ ನನ್ನ ಅಕ್ಕ ಇದ್ದಾಳೆ. ಅವಳ ಮಾತು ನಂಬದವರಿಗೆ ಅವಳ ಅಡುಗೆಮನೆಯ ತಾರಸಿ ಇದೆ. ಕಳೆದ ಯುಗಾದಿಯಲ್ಲಿ ಭಾವ ಮಿಕ್ಸಿ ರಿಪೇರಿ ಮಾಡಿದರು. ಅಕ್ಕ ಗುಂಡಿ ತಿರುಗಿಸಿದ್ದೇ ತಡ, ಮುಚ್ಚಳವೂ ಕಾಯಿಚಟ್ನಿಯೂ ಒಟ್ಟಿಗೆ ಮೇಲಕ್ಕೆ ಹೋದವು. ಮುಚ್ಚಳ ಕೆಳಗೆ ಬಂತು, ಚಟ್ನಿ ಬರಲಿಲ್ಲ. ಭಾವ ಕತ್ತೆತ್ತಿ ತಾರಸಿಯನ್ನು ನೋಡಿ, "ಮೋಟ್ರು ಈಗ ಚೆನ್ನಾಗಿ ಎಳೀತಾ ಇದೆ ಕಣೇ" ಎಂದರು. ಅವತ್ತೇ ಅಕ್ಕ ಹಿತ್ತಲಲ್ಲಿ ಬಿದ್ದಿದ್ದ ಒರಳುಕಲ್ಲನ್ನು ತೊಳೆಸಿ ಅಡುಗೆಮನೆಗೆ ತರಿಸಿಕೊಂಡಳು.

ಹೊಲದಲ್ಲಿ ಅವರು ಸರಿಯಾಗಿಯೇ ಇದ್ದಾರೆ, ಅದನ್ನು ಒಪ್ಪಬೇಕು. ಸಮೇತನಹಳ್ಳಿಯಲ್ಲಿ ಅವರು ಬೆಳೆಯುವ ಹೂಕೋಸನ್ನು ನೋಡಿದರೆ ದೃಷ್ಟಿ ತೆಗೆಯಬೇಕು ಅನ್ನಿಸುತ್ತದೆ. ಅದೇ ಕೈಗೆ ಒಂದು ಸ್ಪ್ಯಾನರ್ ಕೊಟ್ಟು ನೋಡಿ! ಬಿಚ್ಚುವಾಗ ಹತ್ತು ನಟ್ಟು, ಮತ್ತೆ ಹಾಕುವಾಗ ಎಂಟು. ಉಳಿದ ಎರಡನ್ನು ಜೇಬಿಗೆ ಹಾಕಿಕೊಂಡು, "ಕಂಪ್ನಿಯೋರು ಸುಮ್ನೆ ಜಾಸ್ತಿ ಹಾಕಿರ್ತಾರೆ" ಎನ್ನುತ್ತಾರೆ.

ಇಂಥವರ ಹತ್ತಿರ ಒಂದು ಜೀಪು ಇದೆ. ಮೂವತ್ತು ವರ್ಷದ ಹಿಂದೆ ಹರಾಜಿನಲ್ಲಿ ಹಿಡಿದದ್ದು. ಆಗ ಅದಕ್ಕೆ ಎಂಜಿನ್ ಇರಲಿಲ್ಲ, ಸೀಟು ಇರಲಿಲ್ಲ, ಒಳಗೊಂದು ಬೇವಿನ ಗಿಡ ಬೆಳೆದಿತ್ತಂತೆ. ಅದಕ್ಕೆ ಜೀವ ತುಂಬಿದವರು ಹೊಸಕೋಟೆ ರಸ್ತೆಯಲ್ಲಿ ಗ್ಯಾರೇಜು ಇಟ್ಟಿದ್ದ ಪ್ಯಾರೇಜಾನ್ ಸಾಬರು. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್‌ಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ಕೇಳಿ, ಒಳಗೆ ಎಲ್ಲಿ ನೋವಿದೆ ಎಂದು ಹೇಳುತ್ತಿದ್ದ ಮನುಷ್ಯ. ಭಾನುವಾರ ಬಂತೆಂದರೆ ಜೀಪಿನ ಕೆಳಗಿಂದ ಎರಡು ಜೊತೆ ಕಾಲು ಕಾಣುತ್ತಿದ್ದವು, ಒಂದು ಜೊತೆ ಸಾಬರದು, ಇನ್ನೊಂದು ಭಾವನದು. ಕೆಲಸ ಮಾಡುತ್ತಿದ್ದವರು ಸಾಬರು. ಭಾವ ಕೆಳಗೆ ಮಲಗಿ ಊರ ಸುದ್ದಿ ಹೇಳುತ್ತಿದ್ದರು.

ಆಯುಧಪೂಜೆಯ ದಿನ ಆ ಜೀಪು ಮೊದಲು ನಿಲ್ಲುವುದು ಸಾಬರ ಗ್ಯಾರೇಜಿನ ಮುಂದೆ. ಮನೆಯಲ್ಲಿ ಅಲ್ಲ, ದೇವಸ್ಥಾನದಲ್ಲೂ ಅಲ್ಲ. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಡುವವರು ಸಾಬರೇ. "ಹುಟ್ಟಿಸ್ದೋನು ನೀನು, ಹಣ್ಣೂ ನೀನೇ ಇಡು" ಎಂದು ಮೊದಲನೇ ವರ್ಷ ಭಾವ ಹೇಳಿದ್ದರಂತೆ. ಅದೇ ಪದ್ಧತಿಯಾಗಿ ಮೂವತ್ತು ವರ್ಷ ನಡೆಯಿತು. ಜೀಪು ತನ್ನ ಎಂಜಿನ್ನಿನಲ್ಲೇ ಮುಂದೆ ಹೋಗಿ ನಿಂಬೆಹಣ್ಣು ಮೆಟ್ಟಬೇಕು, ಯಾರೂ ತಳ್ಳಕೂಡದು. ಆಮೇಲೆ ಕಡ್ಲೆಪುರಿ, ಬೂಂದಿ, ಸಾಬರ ಮನೆಯ ಚಹಾ.

ಹೋದ ಬೇಸಿಗೆಯಲ್ಲಿ ಸಾಬರಿಗೆ ಲಕ್ವ ಹೊಡೆಯಿತು. ಮಾತು ಬೇಗ ಮರಳಿತು, ಕೋಲು ಹಿಡಿದರೆ ನಡೆಯಬಹುದು ಎಂದು ಡಾಕ್ಟರೂ ಹೇಳಿದರು. ಆದರೆ ಬಲಗೈ ಮಾತ್ರ ಏಳಲಿಲ್ಲ. ಅಲ್ಲಿಂದ ಆ ಮನುಷ್ಯ ಕೋಲನ್ನೂ ಮುಟ್ಟಲಿಲ್ಲ, ಬಾಗಿಲನ್ನೂ ದಾಟಲಿಲ್ಲ. ಗ್ಯಾರೇಜಿನ ಷಟರ್ ಮುಚ್ಚಿತು. ಗ್ಯಾರೇಜಿಗೆ ಅಂಟಿಕೊಂಡೇ ಮನೆ. ಒಳಗೆ ಕಿಟಕಿಯ ಪಕ್ಕ ಮಂಚ, ಮಂಚದ ಮೇಲೆ ಗೋಡೆಯ ಕಡೆ ತಿರುಗಿದ ಸಾಬರು. ಭಾವ ವಾರ ವಾರವೂ ತರಕಾರಿ ಹಿಡಿದು ಹೋಗಿ ಅವರ ಬೆನ್ನಿನ ಜೊತೆ ಮಾತಾಡಿ ಬರುತ್ತಿದ್ದರು. ಒಂದು ದಿನ ಸಾಬರು ತಿರುಗದೆಯೇ ಹೇಳಿದರಂತೆ: "ಬರ್ಬೇಡಿ ಗೌಡ್ರೇ. ಈ ಕೈ ನೀವು ನೋಡ್ಬೇಡಿ." ಅವತ್ತು ಭಾವ ಮನೆಗೆ ಬಂದು ಊಟ ಮಾಡಲಿಲ್ಲ. ಊಟ ಬಿಟ್ಟ ಭಾವನನ್ನು ಅಕ್ಕ ಮದುವೆಯಾದ ಮೇಲೆ ಅದೇ ಮೊದಲ ಸಲ ನೋಡಿದ್ದು.

ಇಷ್ಟರಲ್ಲಿ ದಸರಾ ಬಂತು. ನಾನು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ರಜೆ ಸಿಕ್ಕಿತೆಂದು ಅಕ್ಕನ ಮನೆಗೆ ಹೋದೆ. ಹೋದ ಮಾರನೆಯ ದಿನವೇ ಜೀಪಿನ ಆಕ್ಸಲ್ ಮುರಿಯಿತು!

ಜಡಿಗೇನಹಳ್ಳಿ ಕಡೆಯ ಒಂದು ಕೆರೆಯಂಗಳಕ್ಕೆ ಬೆಂಗಳೂರಿನ ಹುಡುಗರು ದೊಡ್ಡ ದೊಡ್ಡ ಹೊಸ ಗಾಡಿಗಳನ್ನು ತಂದು ಕೆಸರಿನಲ್ಲಿ ಆಡುತ್ತಾರೆ. ನಮ್ಮ ಕಾಲದಲ್ಲಿ ಕೆಸರಿನಲ್ಲಿ ಎಮ್ಮೆ ಆಡುತ್ತಿತ್ತು, ಖರ್ಚಿರಲಿಲ್ಲ. ಅಂಥದ್ದೊಂದು ಗಾಡಿ ಹೂತುಹೋಗಿತ್ತು. ಭಾವನಿಗೆ ಉಪಕಾರ ಬುದ್ಧಿ ಉಕ್ಕಿತು.

"ಭಾವ, ನಿಮ್ಮ ಜೀಪಿನ ಮುಂದಿನ ಚಕ್ರ ಎಳೆಯೋದು ಬಿಟ್ಟು ಎಷ್ಟು ವರ್ಷ ಆಯ್ತು?" ಎಂದೆ.

"ಹಿಂದಿಂದು ಎಳೀತವಲ್ಲ, ಸುಮ್ನಿರು ಮೇಷ್ಟ್ರೇ!"

ಹಗ್ಗ ಕಟ್ಟಿದರು, ಎಳೆದರು. ಹೊಸ ಗಾಡಿ ಪಳ್ಳನೆ ಹೊರಗೆ ಬಂತು. ಅದೇ ಗಳಿಗೆಗೆ ನಮ್ಮ ಜೀಪಿನ ಹಿಂಭಾಗದಲ್ಲಿ ಕಬ್ಬು ಮುರಿದಂತೆ 'ಟಕ್' ಎಂದಿತು. ಗೇರ್ ಹಾಕಿದರೆ ಎಂಜಿನ್ ಕೂಗುತ್ತದೆ, ಚಕ್ರ ಅಲ್ಲಾಡುವುದಿಲ್ಲ. ಹೂತವರು ಎದ್ದರು, ಎತ್ತಿದವರು ಹೂತರು! ಹುಡುಗರು, "ಥ್ಯಾಂಕ್ಸ್ ಅಂಕಲ್, ಸೂಪರ್ ಗಾಡಿ ಗುರು!" ಎಂದು ವಿಡಿಯೋ ಮಾಡಿಕೊಂಡು ಹೊರಟೇಹೋದರು. ಕೊನೆಗೆ ಪಕ್ಕದ ಹೊಲದ ಟ್ರ್ಯಾಕ್ಟರ್ ಬಂದು ನಮ್ಮನ್ನು ಎಳೆಯಿತು. ಆಯುಧಪೂಜೆಗೆ ನಾಲ್ಕು ದಿನ ಉಳಿದಿತ್ತು.

ಹಳ್ಳಿಯವರೆಲ್ಲ ಒಬ್ಬೊಬ್ಬ ಮೆಕ್ಯಾನಿಕ್ಕಿನ ಹೆಸರು ಹೇಳಿದರು. ಭಾವ ಕೈ ಅಡ್ಡ ಆಡಿಸಿಬಿಟ್ಟರು. "ಭಾಯಿ ಕೂಡ್ಸಿದ ಗಾಡಿ. ಇನ್ನೊಬ್ರ ಕೈ ತಾಕ್ಬಾರ್ದು. ನಾನೇ ಹಾಕ್ತೀನಿ." ಜೀಪನ್ನು ಮನೆಗಲ್ಲ, ಸೀದಾ ಸಾಬರ ಗ್ಯಾರೇಜಿನ ಮುಂದಕ್ಕೆ ಎಳೆಸಿದರು.

"ನೀವೇ ಮಾಡೋದಾದ್ರೆ ಮನೆ ಮುಂದೆ ಮಾಡ್ಬಹುದಲ್ಲ ಭಾವ?"

"ಇಲ್ಲಿ ನೆಲ ಸಮ ಇದೆ."

ಅವರು ಜೀಪು ನಿಲ್ಲಿಸಿದ ಜಾಗದಲ್ಲೇ ಎರಡು ಗುಂಡಿ ಇದ್ದವು.

ಮರುದಿನ ಹೊಸ ಆಕ್ಸಲ್ ತರಲು ಬಸ್ಸಿನಲ್ಲಿ ಬೆಂಗಳೂರಿಗೆ ಹೋದೆವು. ಹಳೇ ಜೀಪುಗಳ ಬಿಡಿಭಾಗ ಮಾರುವ ಅಂಗಡಿ. ಅಂಗಡಿಯವರು ಬಾಯಿ ತೆರೆದು ಏನೋ ಕೇಳಬೇಕು, ಅಷ್ಟರಲ್ಲಿ ಭಾವ ನನ್ನ ಕಡೆ ತಿರುಗಿ, "ಎರಡು ಟೀ ತಗೊಂಬಾ ಹೋಗು" ಎಂದರು. ಟೀ ತರುವಷ್ಟರಲ್ಲಿ ವ್ಯಾಪಾರ ಮುಗಿದು, ಗೋಣಿಚೀಲದ ಬಾಯಿ ಹೊಲಿದು ಆಗಿತ್ತು. ಎತ್ತಲು ಹೋದ ನನ್ನ ಸೊಂಟ ಹಿಡಿದುಕೊಂಡಿತು. ಒಂದು ಕಬ್ಬಿಣದ ಸಲಾಕೆಗೆ ಇಷ್ಟು ಭಾರವೇ? ಬಸ್ಸಿನ ಕಂಡಕ್ಟರ್ ಚೀಲವನ್ನು ಒದ್ದು ನೋಡಿ, "ಏನ್ ಯಜಮಾನ್ರೇ, ಫಿರಂಗಿ ತಗೊಂಡೋಗ್ತಿದ್ದೀರಾ?" ಎಂದ. "ಹೂಂ, ಹೆಂಡ್ತಿ ಜೊತೆ ಜಗಳ ಇದೆ" ಎಂದರು ಭಾವ.

ಜಗಳ ನಿಜವಾಗಿಯೂ ಕಾದಿತ್ತು. ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಇಳಿದಾಗ ಅಕ್ಕನ ಫೋನು ಬಂತು.

"ಲೋ, ಇವತ್ತಿನ ನವರಾತ್ರಿ ಪೂಜೆಯ ವಡೆಗೆ ಉದ್ದು ನೆನೆಸಿದ್ದೀನಿ. ನನ್ನ ಒರಳುಕಲ್ಲು ಎಲ್ಲೋ?"

ನಾನು ಬಗ್ಗಿ ನೋಡಿದೆ. "ಜೀಪಿನ ಕೆಳಗಿದೆ ಅಕ್ಕ. ಜೀಪನ್ನು ಅದೇ ಎತ್ತಿ ಹಿಡಿದಿದೆ."

"ನಿಮ್ಮ ಭಾವನಿಗೆ ಹೇಳು, ಈ ವರ್ಷ ನೆನೆದ ಉದ್ದಿನಬೇಳೆನೇ ವಡೆ!"

ಬಲಗಡೆಯ ಹಿಂದಿನ ಚಕ್ರ ಬಿಚ್ಚಿದೆವು. ಆ ಚಕ್ರದ ಮುರಿದ ಆಕ್ಸಲಿನ ಒಂದು ತುಂಡು ಕೈಗೆ ಬಂತು, ಜೊತೆಗೆ ಗೇರ್ ಆಯಿಲ್ ನನ್ನ ಅಂಗಿಗೆ ಬಂತು. ಇನ್ನೊಂದು ತುಂಡು ಒಳಗೇ ಉಳಿಯಿತು. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಕೋಲಿಗೆ ಕಟ್ಟಿ, ಬಾವಿಯಲ್ಲಿ ಬಿದ್ದ ಬಿಂದಿಗೆ ತೆಗೆಯುವ ಹಾಗೆ ಭಾವ ಅರ್ಧ ದಿನ ಅದನ್ನು ಹುಡುಕಿ ಎಳೆದರು. ನನಗೆ ಸಣ್ಣ ಅನುಮಾನ ಆಗಬೇಕಾದದ್ದು ಅಲ್ಲೇ. ಭಾವನ ಕೈಯಲ್ಲಿ ಒಂದು ಕೆಲಸ ಸರಿಯಾಗಿ ಆಗಿತ್ತು!

ಆದರೆ ಗೋಣಿಚೀಲದ ಹೊಲಿಗೆಯನ್ನು ತಾವೇ ಬಿಚ್ಚಿ ಹೊಸ ಆಕ್ಸಲ್ ಹೊರಗೆ ತೆಗೆದಾಗ ಅವರು ಹಳೆಯ ಭಾವನೇ ಆದರು. ನಾನು ಟೇಪು ಹಿಡಿದು ಹೋದೆ. "ಮುರಿದ ಎರಡು ತುಂಡು ಜೋಡಿಸಿ ಇದರ ಪಕ್ಕ ಇಟ್ಟು ಅಳೆಯೋಣ ಭಾವ."

"ಟೇಪು ಗೀಪು ನಿಮ್ಮ ಸ್ಕೂಲಲ್ಲಿ ಇಟ್ಕೋ. ಕಬ್ಬಿಣಕ್ಕೆ ಸುತ್ತಿಗೆನೇ ಭಾಷೆ."

ಆಕ್ಸಲನ್ನು ಒಳಗೆ ತೂರಿಸಿದರು. ಹೋಯಿತು, ಹೋಯಿತು, ನಿಂತಿತು. ಇನ್ನೂ ನಾಲ್ಕು ಬೆರಳಿನಷ್ಟು ಹೊರಗೇ ಇದೆ! ಭಾವ ದೊಡ್ಡ ಸುತ್ತಿಗೆ ತೆಗೆದುಕೊಂಡರು. ಠಣ್! ಠಣ್! ಠಣ್! ರಸ್ತೆಯ ನಾಯಿಗಳೆಲ್ಲ ಬೊಗಳಿದವು. ಸಾಬರ ಹೆಂಡತಿ ಹೊರಗೆ ಬಂದು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಿಂತರು. "ಭಾವ, ಸಾಕು, ಗಾಡಿ ಒಡೆದುಹೋಗುತ್ತೆ!" ಎಂದು ನಾನು ಕೂಗಿದೆ. ಕೇಳಬೇಕಲ್ಲ! ಒಂದು ಏಟು ಹೊಡೆಯುವುದು, ನಿಲ್ಲಿಸುವುದು, ಕಿಟಕಿಯ ಕಡೆ ನೋಡುವುದು, ಇನ್ನೊಂದು ಏಟು. ಸೆಕೆಗೆ ಗಾಳಿ ಹುಡುಕುತ್ತಿದ್ದಾರೆ ಎಂದುಕೊಂಡೆ.

ಹತ್ತೋ ಹನ್ನೆರಡೋ ಏಟಾಗಿರಬೇಕು. ಕಿಟಕಿಯೊಳಗಿಂದ ಒಂದು ಗುಡುಗು ಬಂತು.

"ಅರೇ ನಕ್ಕೋ! ನಕ್ಕೋ ಗೌಡ್ರೇ! ಹೊಡೀಬೇಡಿ! ಗಾಡಿ ಸಾಯ್ತದೆ!"

ಭಾವ ಇನ್ನೊಂದು ಕೊಟ್ಟರು. ಠಣ್!

ಒಳಗೆ ಏನೋ ಬಿದ್ದ ಸದ್ದು, ಮಂಚ ಕಿರುಗುಟ್ಟಿದ ಸದ್ದು. ಬಾಗಿಲಲ್ಲಿ ಪ್ಯಾರೇಜಾನ್ ಸಾಬರು ನಿಂತಿದ್ದರು! ಎಡಗೈಯಲ್ಲಿ ಕೋಲು, ಬಲಗೈ ಜೋತುಬಿದ್ದಿದೆ, ಬನಿಯನ್ ಮೇಲೆ ಅಂಗಿ ಕೂಡ ಇಲ್ಲ, ಮುಖ ಕೆಂಡವಾಗಿದೆ. ಅವರ ಹೆಂಡತಿ ಹಿಡಿಯಲು ಹೋದರೆ ಅವರನ್ನೂ ಗದರಿದರು. ಒಂದೊಂದೇ ಹೆಜ್ಜೆ ಇಟ್ಟುಕೊಂಡು ಜೀಪಿನ ಹತ್ತಿರ ಬಂದು, ಹೊರಗೆ ಚಾಚಿದ್ದ ಆಕ್ಸಲನ್ನು ಕೋಲಿನಿಂದ ತಟ್ಟಿದರು.

"ಇದು ಎಡಗಡೇದು ಗೌಡ್ರೇ! ಎಡಗಡೇದು ಉದ್ದ, ಬಲಗಡೇದು ಗಿಡ್ಡ. ಮೂವತ್ತು ವರ್ಷ ನನ್ನ ಪಕ್ಕದಲ್ಲಿ ಮಲ್ಕೊಂಡು ಏನ್ ನೋಡಿದ್ರಿ? ಆಕಾಶನಾ?"

"ಅಯ್ಯೋ, ಹೌದಾ ಭಾಯಿ? ಎರಡೂ ಒಂದೇ ಅಂದ್ಕೊಂಡಿದ್ನಲ್ಲ!" ಭಾವ ತಲೆ ಮೇಲೆ ಕೈ ಹೊತ್ತು ನೆಲದ ಮೇಲೆ ಕೂತುಬಿಟ್ಟರು. "ಈಗ ಏನ್ ಮಾಡ್ಲಿ? ನಾಡಿದ್ದೇ ಪೂಜೆ. ಅಂಗಡಿಗಳೆಲ್ಲ ಹಬ್ಬಕ್ಕೆ ಮುಚ್ಚಿರ್ತವೆ."

ಸಾಬರು ಆ ಕಡೆ ಈ ಕಡೆ ನೋಡಿದರು. ಜೀಪನ್ನು ನೋಡಿದರು, ಒರಳುಕಲ್ಲನ್ನು ನೋಡಿ ಹಣೆ ಚಚ್ಚಿಕೊಂಡರು. ಆಮೇಲೆ ಹೆಂಡತಿಗೆ ಹೇಳಿದರು: "ಷಟರ್ ಚಾವಿ ತಾ. ಅಟ್ಟದಲ್ಲಿ ಬಲಗಡೇದು ಒಂದು ಹಳೇದಿದೆ."

ಆರು ತಿಂಗಳ ಮೇಲೆ ಷಟರ್ ಕಿರ್ರೆಂದು ಮೇಲೆ ಹೋಯಿತು. ಕುರ್ಚಿ ಹೊರಗೆ ಬಂತು. ಸಾಬರು ಕೂತರು, ನಾವಿಬ್ಬರೂ ಅವರ ಬಾಯಿಗೆ ಸಿಕ್ಕಿದೆವು. "ಮೇಷ್ಟ್ರೇ, ಅದು ಸ್ಪ್ಯಾನರ್, ಸೀಮೆಸುಣ್ಣ ಅಲ್ಲ, ಗಟ್ಟಿಯಾಗಿ ಹಿಡೀರಿ." "ಗೌಡ್ರೇ, ನಟ್ಟು ಜೇಬಿಗೆ ಹಾಕ್ಬೇಡಿ, ನಾನು ಎಣಿಸ್ತಾ ಇದ್ದೀನಿ." ಹತ್ತು ಬಿಚ್ಚಿದ್ದೆವು, ಹತ್ತೂ ಹಾಕಿದೆವು. ಭಾವನ ಜೀವನದಲ್ಲಿ ಅದು ದಾಖಲೆ! ಕೊನೆಯಲ್ಲಿ ಸಾಬರು ಸ್ಕ್ರೂಡ್ರೈವರ್ ಕೇಳಿ ಪಡೆದು, ಎಡಗೈಯಲ್ಲೇ ಹಿಡಿದು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು. "ಹಾಂ, ಈಗ ಸರಿ" ಎಂದರು.

ಆಯುಧಪೂಜೆಯ ಬೆಳಿಗ್ಗೆ ಸಾಬರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದರು. ನಿಂಬೆಹಣ್ಣುಗಳನ್ನು ಜೇಬಿನಲ್ಲಿ ಇಟ್ಟುಕೊಂಡು ಕೋಲೂರಿ ಒಂದೊಂದೇ ಚಕ್ರಕ್ಕೆ ಹೋದರು. ಬಗ್ಗುವುದು, ಕೋಲನ್ನು ಜೀಪಿಗೆ ಒರಗಿಸುವುದು, ಎಡಗೈಯಲ್ಲಿ ಹಣ್ಣು ಇಡುವುದು, ಮತ್ತೆ ಕೋಲು ಹುಡುಕುವುದು. ನಾನು ಸಹಾಯಕ್ಕೆ ಒಂದು ಹೆಜ್ಜೆ ಇಟ್ಟೆ, ಭಾವ ಸ್ಟಿಯರಿಂಗ್ ಹಿಡಿದು ಕೂತಲ್ಲಿಂದಲೇ ಕಣ್ಣಿನಲ್ಲಿ ತಡೆದರು. ನಾಲ್ಕು ಚಕ್ರ ಸುತ್ತಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಜೀಪು ಒಂದು ಸಲ ಕೆಮ್ಮಿ ಮುಂದೆ ಹೋಯಿತು. ನಾಲ್ಕೂ ಹಣ್ಣು ಅಪ್ಪಚ್ಚಿ!

ಪುರಿ ತಿಂದು ಚಹಾ ಕುಡಿದು ಹೊರಡುವಾಗ, ಜೀಪು ಎತ್ತಲು ಬಳಸಿದ್ದ ಜಾಕು ಇಡಲೆಂದು ಜೀಪಿನ ಹಿಂದಿನ ಸೀಟು ಎತ್ತಿದೆ. ಕೆಳಗೆ ನಾವು ಬೆಂಗಳೂರಿನಿಂದ ಹೊತ್ತು ತಂದ ಗೋಣಿಚೀಲ. ಅದರೊಳಗೆ ಇನ್ನೊಂದು ಹೊಸ ಆಕ್ಸಲ್, ಗಿಡ್ಡನೆಯದು. ಮೇಲೆ ಅಂಗಡಿಯವರು ಸೀಮೆಸುಣ್ಣದಲ್ಲಿ 'ಬಲ' ಎಂದು ದಪ್ಪಗೆ ಬರೆದಿದ್ದರು.

ನನ್ನ ಕೈಯಲ್ಲಿ ಜಾಕು ಹಾಗೇ ಉಳಿಯಿತು. ಮಕ್ಕಳಿಗೆ ಉದ್ದ ಅಗಲ ಕಲಿಸುವ ಲೆಕ್ಕದ ಮೇಷ್ಟ್ರು ನಾನು!

"ಭಾವ, ನಿಮಗೆ ಮೊದಲೇ ಗೊತ್ತಿತ್ತಾ?"

ಅವರು ಹಿಂದೆ ತಿರುಗಲಿಲ್ಲ. ಕನ್ನಡಿಯಲ್ಲಿ ನನ್ನನ್ನು ನೋಡಿ ಮೆಲ್ಲಗೆ ಹೇಳಿದರು:

"ತನ್ನ ಕೈ ನೋಡ್ಬೇಡಿ ಅಂದ ಅವನು. ಸರಿ, ಅವನೇ ಬಂದು ನನ್ನ ಕೈ ನೋಡ್ಲಿ ಅಂದ್ಕೊಂಡೆ. ಇದಕ್ಕಿಂತ ಕೆಟ್ಟ ಕೈ ತಾಲ್ಲೂಕಲ್ಲೇ ಇಲ್ಲ ಅಂತ ನೀನೇ ಹೇಳ್ತಿರ್ತೀಯಲ್ಲ ಮೇಷ್ಟ್ರೇ."

ನನ್ನ ಕಣ್ಣು ತುಂಬಿಬಂತು. ಸೀಟನ್ನು ಮುಚ್ಚಿದೆ. ಅಷ್ಟರಲ್ಲಿ ಗ್ಯಾರೇಜಿನೊಳಗಿಂದ ಸಾಬರು ಕೂಗಿದರು: "ಗೌಡ್ರೇ, ಆ ಜಾಕು ಎಲ್ಲಿಗೆ ತಗೊಂಡೋಗ್ತೀರಾ? ಇಲ್ಲಿಡಿ. ನಾಳೆಯಿಂದ ಬೇಕಾಗ್ತದೆ."