ಮಂಜುಗಡ್ಡೆಯ ಅರ್ಥ

ಅಜ್ಜಂಪುರದ ಕನ್ನಡ ಮೇಷ್ಟ್ರು ತೀರ್ಥೇಶ್ ಐಸಿಗೆ ಐಸ್ ಅನ್ನುವವರಲ್ಲ. ಒಂದು ಭಾನುವಾರ ಬೆಳಿಗ್ಗೆ ಅವರ ಹೆಂಡತಿ ಅನುಪಮಾ ಮೆಟ್ಟಿಲಿಳಿಯುವಾಗ ಕಾಲು ಉಳುಕಿಸಿಕೊಂಡಳು. ಪಾದ ಬನ್ನಿನಂತೆ ಊದಿತು. ಮೇಷ್ಟ್ರು ಬಸ್‌ಸ್ಟ್ಯಾಂಡಿನ ಜ್ಯೂಸ್ ಅಂಗಡಿ ಕಾಂತರಾಜನಿಗೆ ಫೋನು ಮಾಡಿ, "ಮಂಜುಗಡ್ಡೆ ಕಣಯ್ಯಾ, ಕಾಲಿಗೆ. ತಡ ಮಾಡ್ಬೇಡ" ಎಂದರು.

ಅರ್ಧ ಗಂಟೆಯಾದರೂ ಮಂಜುಗಡ್ಡೆ ಬರಲಿಲ್ಲ. ಪಕ್ಕದ ಮನೆಯ ತಿಮ್ಮಕ್ಕ ಬಂದಳು. ಅನುಪಮಾಳ ತಮ್ಮ ಮಂಜಪ್ಪನಿಗೆ, ಮನೆಯವರೆಲ್ಲ ಮಂಜು ಎಂದೇ ಕರೆಯುವ ಹುಡುಗನಿಗೆ, ಕಾಲಲ್ಲಿ ಗಡ್ಡೆಯಂತೆ ಹೌದಾ ಎಂದು ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೀದಿಯ ಇನ್ನಿಬ್ಬರು, ಶಿವಮೊಗ್ಗದಲ್ಲಿ ಯಾವ ಡಾಕ್ಟರು ಒಳ್ಳೆಯವರೆಂದು ಜಗಲಿಯ ಮೇಲೇ ಜಗಳ ತೆಗೆದರು.

ಅಷ್ಟರಲ್ಲಿ ಅಮೃತಾಪುರದ ರುದ್ರಮೂರ್ತಿಯವರ ಫೋನು. ಅವರ ಮಗಳು ಕೃತಿಕಾಳಿಗೆ ಮಂಜುವನ್ನು ಗೊತ್ತು ಮಾಡಿಸಿದ್ದು ಮೇಷ್ಟ್ರೇ. ಮುಂದಿನ ವಾರ ನಿಶ್ಚಿತಾರ್ಥ. "ಗಡ್ಡೆ ಮುಚ್ಚಿಟ್ಟು ಹುಡುಗನ್ನ ತೋರಿಸಿದ್ರಾ ಮೇಷ್ಟ್ರೇ?" ಎಂದವರು ಉತ್ತರಕ್ಕೂ ಕಾಯದೆ ಇಟ್ಟುಬಿಟ್ಟರು.

ಮೇಷ್ಟ್ರು ಊದಿದ ಕಾಲನ್ನು ತಿಮ್ಮಕ್ಕನಿಗೆ ಒಪ್ಪಿಸಿ ಬೈಕ್ ಹತ್ತಿದರು. ತರೀಕೆರೆ ದಾಟಿದ ಮೇಲೆ ಪೆಟ್ರೋಲ್ ಮುಗಿಯಿತು. ಒಂದು ಮೈಲಿ ತಳ್ಳಿ, ಬೆವರಿನಲ್ಲಿ ಮಿಂದು ಅಮೃತಾಪುರ ಮುಟ್ಟಿದರೆ ರುದ್ರಮೂರ್ತಿ ಕೂರಿ ಎನ್ನಲೂ ಇಲ್ಲ. ಹೆಂಡತಿಯ ಉಳುಕಿಗೆಂದು ತಾವು ಫೋನಿನಲ್ಲಿ ಕೇಳಿದ್ದು ಮಂಜುಗಡ್ಡೆ ಎಂದು ಮೇಷ್ಟ್ರು ನಿಂತಲ್ಲೇ ಪಾಠ ಶುರು ಮಾಡಿದರು. ಹಿಮ ಸಂಸ್ಕೃತದ್ದು. ಪಾರ್ಸಿಯಲ್ಲಿ ಅದಕ್ಕೆ ಬರ್ಫ್ ಎನ್ನುತ್ತಾರೆ, ನಾವು ತಿನ್ನುವ ಬರ್ಫಿಗೆ ಹೆಸರು ಬಂದದ್ದು ಅಲ್ಲಿಂದಲೇ. ಆಕಾಶದಿಂದ ಬಿದ್ದರೆ ಆಲಿಕಲ್ಲು. ಮಂಜು ಮಾತ್ರ ಅಚ್ಚ ಕನ್ನಡದ್ದು, ಅದು ಗಟ್ಟಿಯಾಗಿ ಗಡ್ಡೆ ಕಟ್ಟಿದರೆ ಮಂಜುಗಡ್ಡೆ.

"ಅಂದ್ರೆ ಐಸು" ಎಂದರು ರುದ್ರಮೂರ್ತಿ.

"ಅದೇ" ಎನ್ನುವಾಗ ಮೇಷ್ಟ್ರ ದನಿ ಇಳಿದಿತ್ತು.

ರುದ್ರಮೂರ್ತಿ ಹೊಟ್ಟೆ ಹಿಡಿದು ನಕ್ಕರು. ಊಟ ಹಾಕಿಸಿದರು. ಇನ್ನು ತಡ ಮಾಡಿದರೆ ಜನ ಮತ್ತೇನು ಹುಟ್ಟಿಸುತ್ತಾರೋ ಎಂದು ಪಂಚಾಂಗ ತರಿಸಿ ನಿಶ್ಚಿತಾರ್ಥವನ್ನು ನಾಳೆಗೇ ಎಳೆದು, ಮಂಜುವಿಗೂ ಫೋನು ಮಾಡಿ ಹೇಳಿದರು.

ಸಂಜೆ ಮೇಷ್ಟ್ರು ನೇರ ಜ್ಯೂಸ್ ಅಂಗಡಿಗೆ ಹೋಗಿ, ಮೊದಲು ಕಿವಿ ತೋರಿಸಿಕೋ ಎಂದು ಕಾಂತರಾಜನನ್ನು ತರಾಟೆಗೆ ತೆಗೆದುಕೊಂಡರು. ಅವನು ತಲೆ ತಗ್ಗಿಸಿ ನಿಂತ. ಒಳಗಿನಿಂದ ಮಂಜು ಹೊರಬಂದ. ಕಾಂತರಾಜನ ತಂಗಿ ಅನುಷಾಳ ಕೈ ಹಿಡಿದಿದ್ದ. ಅವಳ ಕಣ್ಣು ಅತ್ತತ್ತು ಕೆಂಪಾಗಿತ್ತು.

"ಅವನಿಗೆ ಸರಿಯಾಗೇ ಕೇಳಿಸ್ತು ಭಾವ. ಆಗ ನಾನೂ ಇಲ್ಲೇ ಇದ್ದೆ. ಗಡ್ಡೆ ಅಂತ ಹೇಳ್ಸಿದ್ದು ನಾನೇ" ಎಂದ ಮಂಜು. "ನಿಮ್ಮ ಒಂದು ಮಾತಿಂದ ಬಚಾವಾಗಿದ್ದೆ. ಅದರ ಅರ್ಥ ಹೇಳೋಕೆ ಅಷ್ಟು ದೂರ ಯಾಕೆ ಹೋದ್ರಿ?"