ಕೆಂಪ ನಿಜ್ವಾಕ್ಕೆ ಹೋದ ವಾರ

ನಾನು ಯಾರ ಮನೆ ಸುದ್ದಿಗೂ ಹೋಗುವವಳಲ್ಲ. ಆದರೆ ಎಂಥ ಮಾಡುವುದು, ಮಸ್ಕತ್ತಿನ ಹಮ್ರಿಯಾದ ನಮ್ಮ ಬಿಲ್ಡಿಂಗಿನಲ್ಲಿ ಟೆರೇಸಿಗೆ ಹೋಗುವ ಮೆಟ್ಟಿಲು ನಮ್ಮ ಬಾಗಿಲಿನ ಎದುರೇ ಉಂಟು. ಬಾಗಿಲು ತೆರೆದಿಟ್ಟು ಬಸಳೆ ಸೋಸ್ತಾ ಕೂತರೆ ಸುದ್ದಿ ಅದರಷ್ಟಕ್ಕೆ ಮೇಲೆ ಹತ್ತಿ ಕೆಳಗೆ ಇಳಿದು ಮಾಡ್ತದೆ. ನಾನು ನೋಡುವುದು ಮಾತ್ರ. ಹೇಳುವುದು ಆಮೇಲೆ.

ನಮ್ಮ ಎದುರು ಮನೆ ರಾಯರು ಬೆಂಗಳೂರಿನವರು. ಕಟ್ಟಡದ ಕಂಪೆನಿಯಲ್ಲಿ ನಕ್ಷೆ ಬರೆಯುವ ಕೆಲಸ. ಇಡೀ ದಿನ ಆಫೀಸಿನಲ್ಲಿ ಬೇರೆಯವರಿಗೆ ಮನೆ ಬರೆಯುವುದು, ಸಂಜೆ ಬಂದು ಟೆರೇಸಿನಲ್ಲಿ ಪಾರಿವಾಳಕ್ಕೆ ಮನೆ ಕಟ್ಟುವುದು. ಅವರದ್ದು ರೇಸಿನ ಪಾರಿವಾಳ. ಎಷ್ಟು ದೂರ ಕೊಂಡು ಹೋಗಿ ಬಿಟ್ಟರೂ ಸೀದಾ ತನ್ನ ಗೂಡಿಗೇ ಬರ್ತದಂತೆ. ನಮ್ಮ ಗಂಡಸರು ಆಫೀಸು ಬಿಟ್ಟರೆ ಸೀದಾ ಬರುವುದಿಲ್ಲ, ಹಕ್ಕಿ ಬರ್ತದೆ ಅಂದರೆ ನಾನು ಮೊದಲು ನಂಬಲೇ ಇಲ್ಲ.

ಓಣಿಯ ಆಚೆ ಬಿಲ್ಡಿಂಗಿನಲ್ಲಿ ಒಬ್ಬ ಪಾಕಿಸ್ತಾನಿ ಟೈಲರ್ ಖಾನ್ ಸಾಬ್ ಇದ್ದ. ಅವನ ಟೆರೇಸಿನಲ್ಲಿಯೂ ಅದೇ ಹುಚ್ಚು. ಚಳಿಗಾಲ ಬಂದರೆ ಹತ್ತಾರು ಜನ ಸೇರಿ ರೇಸ್ ಇಡ್ತಿದ್ದರು. ಉಳಿದವರದ್ದು ಲೆಕ್ಕಕ್ಕಿಲ್ಲ, ಇವರಿಬ್ಬರದ್ದೇ ಕುಸ್ತಿ. ತೊಂಬತ್ತನೇ ಇಸವಿಯ ಆಚೀಚೆ, ಬೆಟ್ಟದ ಆಚೆಯ ನಿಜ್ವಾ ಊರಿಂದ ಹಕ್ಕಿ ಬಿಡುವ ರೇಸಿನ ಒಂದು ವಾರ ನಾನು ನೋಡಿದ್ದನ್ನು ಹೇಳ್ತೇನೆ ಕೇಳಿ.

ಅರ್ಬಾಬನ ಟೊಪ್ಪಿ

ಬಿಲ್ಡಿಂಗಿನ ಯಜಮಾನ ಒಮಾನಿ. ನಾವೆಲ್ಲ ಅರ್ಬಾಬ್ ಅಂತ ಕರೆಯುವುದು. ಒಳ್ಳೆ ಜನ, ಆದರೆ ಬಟ್ಟೆ ವಿಷಯದಲ್ಲಿ ಭಾರಿ ಶಿಸ್ತು. ಕಾಲಿನವರೆಗೆ ಬರುವ ಬಿಳಿ ನಿಲುವಂಗಿ ದಿಶ್‌ದಾಶ, ಮಂಡೆಗೆ ಕಸೂತಿ ಟೊಪ್ಪಿ. ಆ ದಿನ ನೀರಿನ ಟ್ಯಾಂಕ್ ನೋಡ್ಲಿಕ್ಕೆ ಟೆರೇಸಿಗೆ ಬಂದ. ರಾಯರ ಹಕ್ಕಿಯೊಂದು ಮೇಲಿಂದ ಸರಿಯಾಗಿ ಗುರಿ ಇಟ್ಟು ಟೊಪ್ಪಿಯ ಮೇಲೆ ಹಿಕ್ಕೆ ಹಾಕಿತು.

"ರಾಯ್! ಕಬೂತರ್ ಖಲಾಸ್!" ಅಂತ ಅವನ ಬೊಬ್ಬೆ ನಮ್ಮ ಅಡಿಗೆ ಮನೆಗೆ ಕೇಳಿತು. ನಾನು ಒಲೆ ಆರಿಸಿ ಓಡಿದೆ. ಸಹಾಯಕ್ಕೆ.

ರಾಯರು ಕೈಕೈ ಮುಗೀತಾ ಇದ್ದರು. "ಅರ್ಬಾಬ್, ಶುಕ್ರವಾರ ನಿಜ್ವಾದಿಂದ ರೇಸ್ ಇದೆ. ಅಲ್ಲೀವರೆಗಾದ್ರೂ ಬಿಡಿ."

ಅರ್ಬಾಬ್ ಎದುರು ಟೆರೇಸ್ ನೋಡಿದ. "ನಿನ್ನ ಹಕ್ಕಿ ಫಸ್ಟ್ ಬಂದರೆ ಗೂಡು ಇರ್ಲಿ. ಆ ಟೈಲರನದ್ದು ಫಸ್ಟ್ ಬಂದರೆ ಶನಿವಾರ ಗೂಡು ಖಲಾಸ್."

ರಾಯರ ಮುಖ ನೋಡ್ಬೇಕಿತ್ತು. ಮಸ್ಕತ್ತಿಗೆ ಬಂದ ಮೇಲೆ ಆ ಮನುಷ್ಯ ನಕ್ಕದ್ದನ್ನು ನಾನು ಕಂಡದ್ದು ಆ ಗೂಡಿನ ಎದುರು ಮಾತ್ರ. ಆದರೂ ಧೈರ್ಯ ಮಾಡಿ ಹೇಳಿದರು, "ಆಗ್ಲಿ ಅರ್ಬಾಬ್. ಟೊಪ್ಪಿಗೆ ಬಿದ್ದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಇದು ಅದೃಷ್ಟ ಅಂತಾರೆ."

ಅರ್ಬಾಬ್ ನಿಧಾನಕ್ಕೆ ಟೊಪ್ಪಿ ತೆಗೆದ. ಹಿಕ್ಕೆ ಸಮೇತ ರಾಯರ ಮಂಡೆಗೆ ಇಟ್ಟ.

"ಶುಕ್ರವಾರ ನಿನಗೇ ಬೇಕಾಗ್ತದೆ, ಇಟ್ಟುಕೋ."

ಕಾಳು

ರೇಸಿನ ವಾರ ಹಕ್ಕಿಗೆ ಊಟದ ಉಪಚಾರ ಬೇರೆ. ಬಟಾಣಿ, ಜೋಳ, ಹೆಸರು, ಕಡೆಗೆ ಎರಡು ದಿನ ನೆಲಗಡಲೆ. ನೀರಿಗೆ ಬೆಳ್ಳುಳ್ಳಿ ಜಜ್ಜಿ ಹಾಕುವುದು. ಎಲ್ಲ ಒಂದನೇ ನಂಬರಿನ ಮಾಲು. ರಾಯರು ಒಂದೊಂದು ಕಾಳನ್ನೂ ಕನ್ನಡಕ ಏರಿಸಿ ಆರಿಸುವುದು. ಮನೆ ಅಕ್ಕಿಯಲ್ಲಿ ಕಲ್ಲುಂಟಾ, ಹುಳುವುಂಟಾ, ಅದು ಕೇಳುವವರಿಲ್ಲ.

ಒಂದು ದಿನ ರಾಯರ ಹೆಂಡತಿಗೆ ಸಿಟ್ಟು ಬಂತು. ಹಕ್ಕಿಗೆ ಅಂತ ನೆನೆಸಿಟ್ಟ ಬಟಾಣಿಯನ್ನೇ ತೆಗೆದು ಹುಳಿ ಮಾಡಿ ಬಡಿಸಿದಳು. ರಾಯರು ಎರಡು ಸಲ ಹಾಕಿಸಿಕೊಂಡರಂತೆ.

"ಏನು ಹುಳಿ ಕಣೇ! ಕಾಳು ಬೆಣ್ಣೆ ಥರ ಇದೆ. ಎಲ್ಲಿ ತಂದೆ?"

"ಟೆರೇಸಿಂದ" ಅಂದಳು.

ರಾಯರು ಎದ್ದು ಕೈ ತೊಳೆದರು. ಮರುದಿನ ಏನಾಯ್ತೋ, ಆಫೀಸಿಂದ ಸೀದಾ, ಬಹಳ ಬೇಗ ಮನೆಗೆ ಬಂದರು. ಇನ್ನೂ ಮೆಟ್ಟಿಲು ಹತ್ತುವಾಗಲೇ ಅವರ ಹೆಂಡತಿ ನನ್ನನ್ನು ಕರೆದಳು.

"ಅಕ್ಕಾ, ಬೇಗ ಬನ್ನಿ, ನೋಡಿ! ಕಾಳು ಕೆಲಸ ಮಾಡ್ತು!"

ಎಲ್ಲೂ ಇಳಿಯಬಾರದು

ರಾಯರ ಪಟ್ಟದ ಹಕ್ಕಿಯ ಹೆಸರು ಕೆಂಪ. ಇಟ್ಟಿಗೆ ಬಣ್ಣ, ಎದೆ ಮುಂದೆ ಮಾಡಿ ನಡೆಯುವುದು, ಮದುಮಗನ ಹಾಗೆ. ಅದಕ್ಕೊಂದು ಹೆಂಡತಿ ಹಕ್ಕಿಯೂ ಉಂಟು. ಆ ವಾರ ನೋಡ್ತೇನೆ, ಇಬ್ಬರ ನಡುವೆ ಹಲಗೆ ಹೊಡೆದಿದ್ದಾರೆ. ಕೆಂಪ ಈಚೆಯಿಂದ ಗುಟುರು ಹಾಕುವುದು, ಅದು ಆಚೆಯಿಂದ.

"ಇದೆಂಥ ರಾಯ್ರೆ, ಜಗಳವಾ?"

"ಅಲ್ಲ ಅಕ್ಕ, ಪುಸ್ತಕದಲ್ಲಿರೋ ಪದ್ಧತಿ ಇದು. ಗಂಡನ್ನ ವಾರ ಪೂರ್ತಿ ಹೆಣ್ಣಿಂದ ಬೇರೆ ಇಡ್ಬೇಕು. ಕಳಿಸೋ ಮುಂಚೆ ಒಂದು ಗಳಿಗೆ ಮುಖ ತೋರಿಸ್ಬೇಕು. ಆಮೇಲೆ ಎಲ್ಲಿ ಬಿಟ್ರೂ ಬಾಣದ ಥರ ಮನೆಗೆ ಬರುತ್ತೆ."

"ಇದಕ್ಕೆ ನೀವು ಪುಸ್ತಕ ಓದ್ಬೇಕಿತ್ತಾ? ಊರಲ್ಲಿ ಹೆಂಡತಿ ಬಿಟ್ಟು ಬಂದ ಕೆಳಗಿನ ಬ್ಯಾಚುಲರ್ ರೂಮಿನವರನ್ನೆಲ್ಲ ಕಂಪೆನಿ ಇದೇ ಪದ್ಧತಿಯಲ್ಲಿ ಇಟ್ಟಿದೆ. ಎರಡು ವರ್ಷಕ್ಕೊಮ್ಮೆ ಊರಿಗೆ ಕಳಿಸಿ ಮುಖ ತೋರಿಸಿ ವಾಪಸ್ ತರ್ತದೆ."

ಅಷ್ಟರಲ್ಲಿ ಬಟ್ಟೆ ಒಣಗಿಸ್ಲಿಕ್ಕೆ ಬಂದ ರಾಯರ ಹೆಂಡತಿ ಬಕೆಟ್ ಕೆಳಗಿಟ್ಟಳು.

"ಅಲ್ರೀ, ಮದುವೆ ಮಾಡ್ಕೊಂಡು ನನ್ನ ಅಮ್ಮನ ಮನೇಲಿ ಬಿಟ್ಟು ಬಂದ್ರಲ್ಲ, ವೀಸಾ ಆಗೋ ತನಕ. ಆಮೇಲೆ ರಜಕ್ಕೆ ಬಂದಾಗ ನೀವು ಬಾಣದ ಥರ ಬಂದ್ರಾ? ಬಾಂಬೆಯಲ್ಲಿ ನಿಮ್ಮಕ್ಕನ ಮನೇಲಿ ಒಂದು ವಾರ ಇದ್ದು ಬಂದ್ರಿ."

"ಕನೆಕ್ಷನ್ ಫ್ಲೈಟ್ ಇರ್ಲಿಲ್ಲ ಕಣೇ..."

"ಒಂದು ವಾರ?"

ರಾಯರು ಗೂಡಿನ ಕಡೆ ತಿರುಗಿ ಮೆಲ್ಲಗೆ ಹೇಳಿದರು, "ಕೆಂಪಾ, ನೀನಾದ್ರೂ ಮಧ್ಯೆ ಎಲ್ಲೂ ಇಳೀಬೇಡಪ್ಪ."

ದಾರಿ ತೋರಿಸಿದ್ದು

ರೇಸಿನ ಮೊದಲು ಹಕ್ಕಿಗೆ ಅಭ್ಯಾಸ ಬೇಕು. ಸ್ವಲ್ಪ ದೂರ ಕೊಂಡು ಹೋಗಿ ಬಿಡುವುದು, ಅದು ಹಾರಿ ಬರುವುದು. ನಮ್ಮ ಮನೆಯವರು ಬಿಸ್ಕೆಟಿನ ವ್ಯಾನಿನಲ್ಲಿ ಅಂಗಡಿ ಅಂಗಡಿಗೆ ಮಾಲು ಹಾಕುವವರು. ಪೇಟೆಯಿಂದ ದೂರದ ಅಲ್ ಮಬೇಲಾದಲ್ಲಿ ಆಗ ದಿನಕ್ಕೊಂದು ಹೊಸ ಅಂಗಡಿ ಏಳ್ತಿತ್ತು, ಅತ್ತ ಕಡೆ ಇವರ ಓಡಾಟ ಜಾಸ್ತಿ. ಬೆಳಿಗ್ಗೆ ರಾಯರು ತೂತಿನ ಪೆಟ್ಟಿಗೆಯಲ್ಲಿ ಕೆಂಪನನ್ನೂ ಇನ್ನು ಕೆಲವು ಹಕ್ಕಿಗಳನ್ನೂ ತಂದು ಕೊಟ್ಟರು.

"ಮಬೇಲಾಕ್ಕೆ ತಗೊಂಡು ಹೋಗಿ. ಅಲ್ಲಿಂದ ಮನೆ ದಾರಿ ಅಭ್ಯಾಸ ಆಗ್ಲಿ. ಸ್ವಲ್ಪ ಜೋಪಾನ."

ನಮ್ಮವರಿಗೆ ಯಾರಾದರೂ ನಂಬಿ ಒಂದು ಕೆಲಸ ಕೊಟ್ಟರೆ ಪ್ರಾಣ ಹೋದರೂ ಬಿಡುವುದಿಲ್ಲ. ಅದೇ ತೊಂದರೆ.

ಮಧ್ಯಾಹ್ನ ರಾಯರು ಆಫೀಸಿಗೆ ಹೊಟ್ಟೆನೋವು ಅಂತ ಹೇಳಿ ಬಂದು ಟೆರೇಸ್ ಹತ್ತಿದರು. ದುರ್ಬೀನು ಹಿಡಿದು ಆಕಾಶ ನೋಡಿದ್ದೇ ನೋಡಿದ್ದು. ಹಕ್ಕಿ ಇಲ್ಲ. ನಾನು ಚಹಾ ಕೊಟ್ಟೆ, ಕುಡೀಲಿಲ್ಲ. ಗಿಡುಗ ಹಿಡಿಯಿತೋ, ಕರೆಂಟಿನ ತಂತಿ ತಾಗಿತೋ ಅಂತ ಒಬ್ಬರೇ ಮಾತಾಡಿಕೊಳ್ತಾ ಇದ್ದರು. ಮೊಬೈಲು ಗಿಬೈಲು ಇಲ್ಲದ ಕಾಲ, ಕೇಳುವುದು ಯಾರನ್ನು? ಬಿಸಿಲು ಇಳಿಯುವ ಹೊತ್ತಿಗೆ ಮನುಷ್ಯನ ಕುತ್ತಿಗೆ ಮೇಲಕ್ಕೇ ಹಿಡಿದುಕೊಂಡಿತ್ತು.

ಆಗ ನಮ್ಮವರು ಬೆವರು ಒರೆಸ್ತಾ ಮೆಟ್ಟಿಲು ಹತ್ತಿ ಬಂದರು. ತೋಳಿನಲ್ಲಿ ಮಗು ಎತ್ತಿದ ಹಾಗೆ ಪೆಟ್ಟಿಗೆ.

"ತಗೊಳ್ಳಿ ರಾಯ್ರೆ. ಮಬೇಲಾ ಇಡೀ ತೋರಿಸಿದ್ದೇನೆ. ಬರುವಾಗ ಮುಂದಿನ ಸೀಟಿನಲ್ಲಿ ಕೂರಿಸಿ, ತೂತು ಕಿಟಕಿ ಕಡೆ ಮಾಡಿ, ದಾರಿ ಕಾಣುವ ಹಾಗೆ ನಿಧಾನ ಓಡಿಸಿದೆ. ಒಂದು ಅಂಗಡಿಯವ ಮುಚ್ಚಳ ತೆಗೀಲಿಕ್ಕೆ ನೋಡಿದ, ಕೈಗೆ ಪೆಟ್ಟು ಕೊಟ್ಟೆ. ದೇವರ ದಯೆ, ಒಂದೂ ಹಾರಿ ಹೋಗ್ಲಿಲ್ಲ!"

ಟೈಲರನ ಟೇಪು

ಗುರುವಾರ ಸಂಜೆ ಎಲ್ಲರ ಹಕ್ಕಿಗಳನ್ನು ಒಂದೇ ಪಿಕಪ್ಪಿನಲ್ಲಿ ನಿಜ್ವಾಕ್ಕೆ ಕಳಿಸುವುದು. ಪ್ರತಿ ಹಕ್ಕಿಯ ಕಾಲಿಗೆ ಒಂದು ರಬ್ಬರ್ ಉಂಗುರ ಹಾಕ್ತಾರೆ. ಶುಕ್ರವಾರ ಬೆಳಿಗ್ಗೆ ಅಲ್ಲಿ ಬಿಟ್ಟ ಮೇಲೆ ಹಕ್ಕಿ ಬಂದು ಟೆರೇಸಿನಲ್ಲಿ ಕೂತರೆ ಸಾಲದು. ತಾನಾಗಿ ಗೂಡಿನ ಒಳಗೆ ಹೋಗ್ಬೇಕು. ಯಜಮಾನ ಆ ಉಂಗುರ ಬಿಚ್ಚಿ ಒಂದು ಗಡಿಯಾರದ ಪೆಟ್ಟಿಗೆಗೆ ಹಾಕಿ ಠಕ್ ಅಂತ ಒತ್ತಬೇಕು. ಒತ್ತಿದ ಹೊತ್ತೇ ಲೆಕ್ಕ.

ಪಿಕಪ್ಪಿನ ಹತ್ತಿರ ಖಾನ್ ಸಾಬ್ ಕೆಂಪನನ್ನು ನೋಡಿದ. ಕುತ್ತಿಗೆಯಲ್ಲಿದ್ದ ಟೇಪು ತೆಗೆದು ಅದರ ರೆಕ್ಕೆ ಅಳೆದ. "ರಾಯ್ ಸಾಬ್, ರೆಕ್ಕೆ ಗಿಡ್ಡ ಉಂಟಲ್ಲ" ಅಂತ ಹಿಂದಿಯಲ್ಲಿ ಹೇಳಿ ನಕ್ಕ. ಅವನದ್ದು ಒಂದು ಬಿಳಿ ಹೆಣ್ಣು ಹಕ್ಕಿ, ನೋಡ್ಲಿಕ್ಕೆ ಮಲ್ಲಿಗೆ ಚೆಂಡಿನ ಹಾಗೆ. "ನನ್ನ ಮಗಳು ನಾಳೆ ಎಲ್ಲರಿಗಿಂತ ಮೊದಲು ಬರ್ತಾಳೆ."

ರಾಯರು ಕೆಂಪನ ರೆಕ್ಕೆ ಸವರಿ ಸರಿ ಮಾಡಿದರು. ನನಗೆ ತಡೀಲಿಲ್ಲ.

"ಖಾನ್ ಸಾಬ್, ನನ್ನ ರವಿಕೆ ದೀಪಾವಳಿಗೆ ಕೊಡ್ತೇನೆ ಅಂದದ್ದು ಇನ್ನೂ ಕೊಡ್ಲಿಲ್ಲ. ನಿಮ್ಮ ಮಗಳು ನಿಮ್ಮ ಹಾಗೆ ಆದರೆ ಬರುವ ದೀಪಾವಳಿಗೆ ಕಾಯ್ಬೇಕು."

ಅವನು ಟೇಪು ಮಡಚಿ ಜೇಬಿಗೆ ಹಾಕಿದ. ರವಿಕೆ ಅದೇ ಸಂಜೆ ಬಂತು. ತೋಳು ಎರಡೂ ಗಿಡ್ಡ.

ಶುಕ್ರವಾರ

ಬೆಳಿಗ್ಗೆ ಇಡೀ ಬಿಲ್ಡಿಂಗ್ ಟೆರೇಸಿನಲ್ಲಿ. ಅರ್ಬಾಬ್ ಹೊಸ ದಿಶ್‌ದಾಶ ಹಾಕಿ ಬಂದಿದ್ದ. ನಾನು ನನ್ನ ಬಕೆಟ್ ಕವುಚಿ ಹಾಕಿ ಅವನನ್ನು ಕೂರಿಸಿದೆ. ರಾಯರು ಸ್ನಾನ ಸಂಧ್ಯಾವಂದನೆ ಮುಗಿಸಿ ಕಾಳಿನ ಡಬ್ಬಿ ಹಿಡಿದು ನಿಂತಿದ್ದರು. ಅವರ ಹೆಂಡತಿ ಮಾತ್ರ ಮೂಲೆಯಲ್ಲಿ ಮುಖ ಊದಿಸಿ ನಿಂತವಳು, "ಹೋದ್ರೆ ಹೋಗ್ಲಿ ಅಕ್ಕ, ಪೀಡೆ ಕಳೀತು" ಅಂದಳು.

ಬೆಟ್ಟದ ಕಡೆಯಿಂದ ಒಂದು ಚುಕ್ಕೆ ಕಂಡಿತು. ನಾನು ಕಾಗೆ ಅಂದೆ. ರಾಯರು "ಕೆಂಪ!" ಅಂತ ಕಿರುಚಿದರು.

ಹೌದು ಮಾರಾಯ್ರೆ, ಕೆಂಪನೇ! ಬಾಣದ ಹಾಗೆ ಬಂದ. ಎದುರು ಟೆರೇಸಿನಲ್ಲಿ ಖಾನ್ ಸಾಬನ ಹಕ್ಕಿಯ ಸುಳಿವೇ ಇಲ್ಲ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅದೇ ತಪ್ಪಾಯಿತು. ಕೆಂಪ ಹೆದರಿ ಗೂಡಿಗೆ ಇಳಿಯುವ ಬದಲು ನೀರಿನ ಟ್ಯಾಂಕಿನ ಮೇಲೆ ಕೂತ.

"ಯಾರೂ ಅಲ್ಲಾಡಬೇಡಿ, ಉಸಿರು ಬಿಡಬೇಡಿ" ಅಂತ ರಾಯರು ಪಿಸುಗುಟ್ಟಿದರು. ಡಬ್ಬಿ ಅಲ್ಲಾಡಿಸಿದರು. "ಬಾ ಬಾ ಬಾ, ಬಾರಪ್ಪ ನನ್ನ ರಾಜ." ಒಳಗಿಂದ ಕೆಂಪನ ಹೆಂಡತಿಯೂ ಗುಟುರು ಹಾಕಿತು. ಕೆಂಪ ಒಂದು ಹೆಜ್ಜೆ ಮುಂದಿಟ್ಟ.

ಸರಿಯಾಗಿ ಆಗಲೇ ಆ ಬಿಳಿ ಹೆಣ್ಣು ಬರ್ಬೇಕಾ! ಹಾರಿ ಹಾರಿ ಸುಸ್ತಾಗಿ ಅದೂ ನಮ್ಮ ಟ್ಯಾಂಕಿನ ಮೇಲೆಯೇ ಇಳಿಯಿತು, ಕೆಂಪನ ಪಕ್ಕದಲ್ಲಿ. ಕೆಂಪ ಒಮ್ಮೆ ಗೂಡು ನೋಡಿದ, ಒಮ್ಮೆ ಇದನ್ನು ನೋಡಿದ. ಕುತ್ತಿಗೆ ಉಬ್ಬಿಸಿದ. ಬಾಲ ಎಳೀತಾ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದ.

"ಲೋ ಕೆಂಪಾ, ಬೇಡ್ವೋ" ಅಂತ ರಾಯರು. "ಆವೋ ಬೇಟಿ, ಆವೋ" ಅಂತ ಆಚೆಯಿಂದ ಟೈಲರ್. ಇಬ್ಬರಿಗೂ ಕಲ್ಲು ಬಿಸಾಡುವ ಹಾಗಿಲ್ಲ, ಬೊಬ್ಬೆ ಹಾಕುವ ಹಾಗಿಲ್ಲ. ಕಡೆಗೆ ಬಿಳಿ ಹೆಣ್ಣು ರೆಕ್ಕೆ ಕೊಡವಿ ಓಣಿ ದಾಟಿ ತನ್ನ ಗೂಡಿಗೆ ಹೋಯಿತು. ಕೆಂಪ ಅದರ ಬೆನ್ನಿಗೇ ಹೋದ. ಅದು ಒಳಗೆ ಹೊಕ್ಕಿತು, ಇವನೂ ಒಳಗೆ ಹೊಕ್ಕ.

ಆಚೆಯಿಂದ ಠಕ್ ಅಂತ ಕೇಳಿತು.

ರಾಯರು ಡಬ್ಬಿ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟರು. ಅರ್ಬಾಬ್ ಎದ್ದು ಬಟ್ಟೆ ಕೊಡವಿದ. "ಖಲಾಸ್" ಅಂದ. ಪಾಪ, ಅವನಿಗೂ ಖುಷಿ ಇರ್ಲಿಲ್ಲ.

ಆಗ ನೋಡಿ, ಮೂಲೆಯಲ್ಲಿದ್ದ ರಾಯರ ಹೆಂಡತಿ ಸೆರಗು ಸಿಕ್ಕಿಸಿ ಬಂದು ಅರ್ಬಾಬನ ಎದುರು ನಿಂತಳು. ಅವಳ ಹಿಂದಿ ಅಂದರೆ ತರಕಾರಿ ಅಂಗಡಿಯಷ್ಟೇ.

"ಅರ್ಬಾಬ್! ಫಸ್ಟ್ ಕೌನ್ ಆಯಾ?"

"ಯೇ... ತುಮ್ಹಾರಾ ಆಯಾ."

"ಆಪ್ ಕ್ಯಾ ಬೋಲಾ? ಫಸ್ಟ್ ಆಯಾ ತೊ ರಹೇಗಾ ಬೋಲಾ. ಅಂದರ್ ಜಾನಾ ಬೋಲಾ? ನಹೀ ಬೋಲಾ!" ಅವಳ ಕಣ್ಣಲ್ಲಿ ನೀರು. "ಮೇರಾ ಆದ್ಮಿ ಆಫೀಸ್ ಮೇ ಹಸ್ತಾ ನಹೀ, ಘರ್ ಮೇ ಹಸ್ತಾ ನಹೀ, ಇದರ್ ಹಸ್ತಾ ಹೈ. ಖಲಾಸ್ ಕರೇಗಾ?"

ಆಫೀಸಿನಲ್ಲೂ ಮನೆಯಲ್ಲೂ ನಗದ ಗಂಡ ಇಲ್ಲಿ ಮಾತ್ರ ನಗ್ತಾನೆ, ಅದನ್ನೂ ಖಲಾಸ್ ಮಾಡ್ತೀಯಾ ಅಂತ. ರಾಯರು ಬಾಯಿ ತೆರೆದು ಹೆಂಡತಿಯನ್ನೇ ನೋಡ್ತಿದ್ದರು. ಅರ್ಬಾಬ್ ಹೊಟ್ಟೆ ಹಿಡಿದು ನಗ್ಲಿಕ್ಕೆ ಶುರು ಮಾಡಿದ. "ನಾನು ಬರುವುದು ಅಂತ ಮಾತ್ರ ಹೇಳಿದ್ದು, ಒಳಗೆ ಹೋಗುವುದು ಅಂತ ಹೇಳ್ಲಿಲ್ಲ, ಹೌದು. ಮಾದಾಮ್ ಗೆದ್ದಳು. ಕಬೂತರ್ ಇರ್ಲಿ."

ಗೂಡು ಉಳಿಯಿತು. ಆದರೆ ಕೆಂಪ ಉಳಿಯಲಿಲ್ಲ. ಖಾನ್ ಸಾಬ್ ಮರ್ಯಾದಸ್ಥ, ಅದೇ ಸಂಜೆ ಕೆಂಪನನ್ನು ಹಿಡಿದು ತಂದು ಕೊಟ್ಟ. ರಾಯರು ಬಿಟ್ಟ ಕೂಡಲೇ ಅದು ಓಣಿ ದಾಟಿ ಅಲ್ಲಿಗೇ ಹೋಯಿತು. ಮರುದಿನ ತಂದ, ಮತ್ತೆ ಹೋಯಿತು. ನಿಜ್ವಾದಿಂದ ದಾರಿ ತಪ್ಪದ ಹಕ್ಕಿಗೆ ಓಣಿ ದಾಟಿ ಬರ್ಲಿಕ್ಕೆ ದಾರಿ ಗೊತ್ತಿಲ್ಲ! ಕಡೆಗೆ ಖಾನ್ ಸಾಬನೇ ಕೈ ಚೆಲ್ಲಿದ. ಅವನ ಗೂಡಿನ ಖರ್ಚಿನಲ್ಲಿ ಕೆಂಪ ಮನೆ ಅಳಿಯ ಆಗಿ ಕೂತ. ಇತ್ತ ಅವನು ಬಿಟ್ಟುಹೋದ ಹೆಂಡತಿ ಹಕ್ಕಿ ನೆಮ್ಮದಿಯಲ್ಲಿ ಎರಡು ಜನರ ಪಾಲು ತಿಂದು ದಪ್ಪ ಆಯಿತು.

ಒಂದು ಸಂಜೆ ಎದುರು ಟೆರೇಸಿನಿಂದ ಕೂಗು ಕೇಳಿತು. "ರಾಯ್ ಸಾಬ್! ನಿಮ್ಮ ಹುಡುಗ ನಮ್ಮ ಮನೆ ಕಾಳು ಮೂಸುವುದೂ ಇಲ್ಲ. ಅವನ ಕಾಳು ಕಳಿಸಿ!"

ರಾಯರು ಒಂದನೇ ನಂಬರಿನ ಬಟಾಣಿ ಆರಿಸಿ, ಡಬ್ಬಿಗೆ ತುಂಬಿಸಿ, ಚಪ್ಪಲಿ ಹಾಕಿ ಮೆಟ್ಟಿಲು ಇಳಿದರು. ರಾಯರ ಹೆಂಡತಿ ನಮ್ಮ ಬಾಗಿಲಲ್ಲಿ ನಿಂತು ಅವರು ಓಣಿ ದಾಟುವುದನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನೋಡಿದ್ರಾ ಅಕ್ಕ, ಗಂಡು ಮಗನನ್ನೂ ಕೊಟ್ಟು, ಮೇಲೆ ವರದಕ್ಷಿಣೆನೂ ಹೊತ್ಕೊಂಡು ಹೋಗೋರು ಪ್ರಪಂಚದಲ್ಲಿ ಇವರೊಬ್ರೇ."