ನೀಲಿ ತೆಗೆ ಎಂದರೆ ಹಸಿರು ತೆಗೆದ ಪ್ಯಾನೆಲ್ ಸಾಹೇಬರಿಗೆ

ಕೊಟ್ಟೂರು,
ಆಗಸ್ಟ್ ೨೦೦೮

ಶ್ರೀಮಾನ್ ಪ್ಯಾನೆಲ್ ಸಾಹೇಬರಿಗೆ,
ಕಂಪ್ಯೂಟರ್ ಪರದೆಯ ಬಲಮೂಲೆ,
ಉಜ್ಜಿನಪ್ಪನವರ ಫೋಟೊ ಸ್ಟುಡಿಯೊ.

ಮಾನ್ಯರೇ,

ತಾವು ಬಲಮೂಲೆಯಲ್ಲಿ ಸುಖವಾಗಿ ಕುಳಿತಿರುವುದನ್ನು ದಿನಾ ಬೆಳಿಗ್ಗೆ ಕಣ್ಣಾರೆ ಕಾಣುತ್ತಿರುವುದರಿಂದ ತಮ್ಮ ಕ್ಷೇಮ ವಿಚಾರಿಸುವುದಿಲ್ಲ. ನಮ್ಮದನ್ನು ತಾವು ಎಂದೂ ವಿಚಾರಿಸದ ಕಾರಣ ನಾನೇ ತಿಳಿಸುತ್ತಿದ್ದೇನೆ. ನಾನು ಶಾಂಭವಿ, ಈ ಸ್ಟುಡಿಯೊದಲ್ಲಿ ವಿಡಿಯೊ ಮಿಕ್ಸಿಂಗ್ ಮಾಡುವವಳು, ಅಂದರೆ ದಿನವಿಡೀ ತಮ್ಮ ಬಟನ್‌ಗಳನ್ನು ಒತ್ತುವ ಸೇವಕಿ.

ಕ್ಯಾಸೆಟ್‌ಗಳನ್ನು ಹೊಸಪೇಟೆಗೆ ಕಳಿಸುವುದು ಬೇಡ, ಮಿಕ್ಸಿಂಗ್ ಇಲ್ಲೇ ಮಾಡೋಣ ಎಂದು ಮಾಲೀಕರಾದ ಉಜ್ಜಿನಪ್ಪನವರನ್ನು ಮೂರು ತಿಂಗಳು ಕಾಡಿ ಕಂಪ್ಯೂಟರ್ ತರಿಸಿದವಳು ನಾನೇ. ಜನರ ಹಿಂದೆ ಕಟ್ಟಿದ ಒಂದೇ ಬಣ್ಣದ ಬಟ್ಟೆಯನ್ನು ಅಳಿಸಿ ಅಲ್ಲಿ ಮೋಡವನ್ನೋ ಜಲಪಾತವನ್ನೋ ಕೂರಿಸುವ ಆ ಸಾಫ್ಟ್‌ವೇರಿನ ಮೆನುಗಳಲ್ಲಿ ನಾವು ದಾರಿ ತಪ್ಪುವುದನ್ನು ಕಂಡು, ಹಗರಿಬೊಮ್ಮನಹಳ್ಳಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ಮೌನೇಶ್ ಕನಿಕರಪಟ್ಟು ಕಂಪ್ಯೂಟರಿಗೆ ಅಪ್ಪಣೆ ಕೊಡುವ ಒಂದು ಸ್ಕ್ರಿಪ್ಟ್ ಬರೆದುಕೊಟ್ಟ. ಅದರಿಂದ ಪರದೆಯ ಮೂಲೆಯಲ್ಲಿ ಬಟನ್‌ಗಳ ಪುಟ್ಟ ಚೌಕವಾಗಿ ತಾವು ಉದಯಿಸಿದಿರಿ. ತಮಗೆ ಎರಡೇ ಬಟನ್: ‘ಹಸಿರು ತೆಗೆ’ ಮತ್ತು ‘ನೀಲಿ ತೆಗೆ’. ಆ ಹೆಸರುಗಳನ್ನು ಮೌನೇಶ್ ಕನ್ನಡದಲ್ಲೇ ಟೈಪ್ ಮಾಡಿದ್ದರೂ ನಮ್ಮ ಪರದೆಯ ಮೇಲೆ ಅವು ಇಂಗ್ಲಿಷ್ ಅಕ್ಷರಗಳಿಗೆ ಕೊಂಬು ಚುಕ್ಕಿ ಅಂಟಿಸಿದಂತೆ ಕಂಡು ತಮ್ಮ ಗಾಂಭೀರ್ಯವನ್ನು ಹೆಚ್ಚಿಸಿದವು. ಗುರುತಿಗಾಗಿ ನನ್ನ ಹಣೆಗೆ ಹಚ್ಚುವ ಸ್ಟಿಕ್ಕರ್‌ಗಳಲ್ಲೇ ಒಂದು ಹಸಿರು, ಒಂದು ನೀಲಿ ಆರಿಸಿ ಪರದೆಯ ಗಾಜಿಗೆ ಅಂಟಿಸಿದೆ. ಇಷ್ಟು ಮರ್ಯಾದೆ ಈ ಅಂಗಡಿಯಲ್ಲಿ ಬೇರೆ ಯಾರಿಗೂ ಸಿಕ್ಕಿಲ್ಲವೆಂದು ವಿನಯದಿಂದ ನೆನಪಿಸುತ್ತೇನೆ.

ಆರು ತಿಂಗಳು ಹಸಿರು ಬಟ್ಟೆಯನ್ನಷ್ಟೇ ಬಳಸಿದ್ದರಿಂದ ತಮ್ಮ ಕೀರ್ತಿಗೆ ಕುಂದು ಬರಲಿಲ್ಲ. ಕಳೆದ ವಾರ ನಾಗಲಿಂಗಮ್ಮನವರ ಸೊಸೆ, ಏಳು ತಿಂಗಳ ಬಸುರಿ ಗೀತಮ್ಮನ ಕುಬುಸದ ಕಾರ್ಯ ಬಂತು. ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ. ಹಿಂದೆಯೂ ಹಸಿರು ಬಟ್ಟೆ ಕಟ್ಟಿದರೆ ಎಲ್ಲ ಒಟ್ಟಿಗೆ ಅಳಿಸಿಹೋಗುತ್ತದೆಂದು ಉಜ್ಜಿನಪ್ಪನವರು ಬುದ್ಧಿವಂತಿಕೆಯಿಂದ ನೀಲಿ ಬಟ್ಟೆ ಕಟ್ಟಿ ಶೂಟಿಂಗ್ ಮಾಡಿಕೊಂಡು ಬಂದರು. ನಾನು ನೀಲಿ ಸ್ಟಿಕ್ಕರಿನ ಬಟನ್ ಒತ್ತಿ, ನಲವತ್ತೆರಡು ಶಾಟುಗಳನ್ನೂ ತಮ್ಮ ಕೈಗೊಪ್ಪಿಸಿ ಊಟಕ್ಕೆ ಹೋದೆ.

ಸೋಮವಾರ ಮಧ್ಯಾಹ್ನ ಅತ್ತೆ-ಸೊಸೆ ನೋಡಲು ಬಂದರು. ಪರದೆಯ ಮೇಲೆ ನೀಲಿ ಬಟ್ಟೆ ಹಾಗೆಯೇ ಇತ್ತು. ಅದರ ಮುಂದೆ ಗೀತಮ್ಮನ ಮುಖ, ಸ್ವಲ್ಪ ಕೆಳಗೆ ಎರಡು ಅಂಗೈ. ನಡುವೆ ಇರಬೇಕಾದ ಸೀರೆ, ಬಳೆ, ಹೊಟ್ಟೆ ಎಲ್ಲ ಹೋಗಿ ಅಲ್ಲಿ ಬಿಳಿ ಮೋಡ ತೇಲುತ್ತಿತ್ತು.

“ಅಯ್ಯೋ ಶಿವನೇ! ಬಸುರಿ ಹೆಣ್ಮಗಳ ಕೈಯಾಗ ಬಳಿ ಇಲ್ಲ!” ನಾಗಲಿಂಗಮ್ಮನವರು ಎದ್ದೇ ನಿಂತರು. “ಏನವ್ವಾ ಇದು ಅಪಶಕುನ?”

ಗೀತಮ್ಮ ಮಾತ್ರ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. “ಅತ್ತಿ, ಹೊಟ್ಟಿ ಎಷ್ಟು ಸಣ್ಣದಾಗೇತಿ ನೋಡ್ರಿ!”

ಅತ್ತೆ ನಗಲಿಲ್ಲ. ಗುರುವಾರ ಗೀತಮ್ಮ ಹೆರಿಗೆಗೆ ಹರಪನಹಳ್ಳಿಯ ತವರಿಗೆ ಹೋಗುವವಳು, ಸಿಡಿಯನ್ನು ಜೊತೆಗೆ ಒಯ್ಯಬೇಕು. ಅವರು ಹೋದ ಮೇಲೆ ಉಜ್ಜಿನಪ್ಪನವರು ಮೆಲ್ಲಗೆ, “ಬುಧವಾರ ಮುಂಜಾನಿಗೆ ಆಗ್ಲಿಲ್ಲಂದ್ರ ಕ್ಯಾಸೆಟ್ ಹೊಸಪೇಟಿಗೆ ಹೊಂಟ್ವು ನೋಡವ್ವ. ಆಮ್ಯಾಲೆ ಎಲ್ಲಾ ಮಿಕ್ಸಿಂಗೂ ಅಲ್ಲೇ” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ತಮ್ಮ ಮೇಲೆ ಅನುಮಾನಪಡುವ ಧೈರ್ಯವಿಲ್ಲದೆ ಮೊದಲು ನನ್ನ ಸ್ಟಿಕ್ಕರ್‌ಗಳೇ ಜರುಗಿರಬೇಕೆಂದು ಕಿತ್ತು ಮತ್ತೆ ಅಂಟಿಸಿದೆ. ಎರಡೂ ಬಟನ್ ಒತ್ತಿ ನೋಡಿದೆ. ತಾವು ಎರಡಕ್ಕೂ ಹಸಿರನ್ನೇ ತೆಗೆದಿರಿ. ಕಂಪ್ಯೂಟರನ್ನು ಮೂರು ಸಾರಿ ಆರಿಸಿ ಹಚ್ಚಿದೆ, ಉಜ್ಜಿನಪ್ಪನವರು ಊದುಬತ್ತಿ ಬೆಳಗಿದರು, ತಾವು ಕದಲಲಿಲ್ಲ. ಮೌನೇಶನಿಗೆ ಫೋನ್ ಮಾಡಿದೆ.

“ನನ್ನ ಕಂಪ್ಯೂಟರ್‌ನಾಗ ಬರೋಬ್ಬರಿ ಐತ್ರಿ ಅಕ್ಕಾರ.”

“ನೀಲಿ ಒತ್ತಿ ನೋಡೀಯೇನಪ?”

“ನೀಲಿ ಯಾಕ ನೋಡ್ಲಿ? ಹಸಿರು ಆತಂದ್ರ ನೀಲೀನೂ ಆದಂಗ ಅಲ್ಲೇನ್ರಿ?”

ಇಂಥ ನಂಬಿಕೆಯ ಕೂಸಾದ ತಮ್ಮನ್ನು ನಾನೇ ಪರೀಕ್ಷಿಸದೆ ಗತಿಯಿಲ್ಲವೆಂದು ಮಂಗಳವಾರ ತಮ್ಮ ಸ್ಕ್ರಿಪ್ಟನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. ಅಪ್ಪಣೆಯಿಲ್ಲದೆ ತಮ್ಮ ಒಡಲು ನೋಡಿದ್ದಕ್ಕೆ ಕ್ಷಮೆಯಿರಲಿ. ಇಂಗ್ಲಿಷ್ ಅಕ್ಷರಗಳಲ್ಲಿ ‘ತೆಗೆ’ ಎಂಬ ಹೆಸರಿನ ಕೆಳಗೆ ನೀಲಿ ತೆಗೆಯುವ ವಿಧಾನವಿತ್ತು. ಇನ್ನಷ್ಟು ಕೆಳಗೆ ಮತ್ತೆ ‘ತೆಗೆ’ ಎಂದೇ ಬರೆದು ಹಸಿರು ತೆಗೆಯುವ ವಿಧಾನವಿತ್ತು. ಎರಡೂ ಸರಿಯಾಗಿಯೇ ಕಂಡವು. ಸಂಜೆಯಾದರೂ ತಿಳಿಯಲಿಲ್ಲ.

ಆಗ ಎದುರಿನ ಓಣಿಯಲ್ಲಿ ನಾಗಲಿಂಗಮ್ಮನವರು ಮಗನನ್ನು ಕರೆದರು: “ಕೊಟ್ರಸ್ವಾಮೀ!” ಗೀತಮ್ಮನ ಗಂಡ ಕೊಟ್ರಸ್ವಾಮಿ ಅಂಗಡಿಕಟ್ಟೆಯಲ್ಲಿ ಮಾತಾಡುತ್ತಾ ಕಿವಿಗೇ ಹಾಕಿಕೊಳ್ಳಲಿಲ್ಲ, ಪಕ್ಕದ ಚಹಾ ಅಂಗಡಿಯ ಕೊಟ್ರಸ್ವಾಮಿ ಓಡಿ ಬಂದು ಚಹಾ ಕೊಟ್ಟ. “ನಿನ್ನ ಯಾರು ಕರದ್ರೋ?” ಎಂದು ಅವರು ಗದರಿದರು. ನಾನು ಕುರ್ಚಿಯಿಂದ ಜಿಗಿದೆ. ಎರಡು ಕೆಲಸಕ್ಕೆ ಒಂದೇ ಹೆಸರು! ಯಾವುದನ್ನು ಕರೆದರೂ ಕೆಳಗೆ ಬರೆದಿರುವ ಹಸಿರಿನ ‘ತೆಗೆ’ಯೇ ಓಡಿಬರುತ್ತಿದೆ.

ಮೇಲಿನದರ ಹೆಸರನ್ನು ‘ನೀಲಿತೆಗೆ’ ಎಂದು ಬದಲಿಸಿದೆ. ತಾವು ಕೆಲಸ ಮಾಡಲೇ ಒಪ್ಪದೆ ‘ತಪ್ಪು, ಸಾಲು ೫೧’ ಎಂದು ಗದರಿದಿರಿ; ಆತುರದಲ್ಲಿ ಒಂದು ಆವರಣ ಚಿಹ್ನೆಯನ್ನು ಅಳಿಸಿಬಿಟ್ಟಿದ್ದೆ. ಅದನ್ನು ತಿದ್ದಿ, ನೀಲಿ ಬಟನ್ ಕರೆಯುವ ಕಡೆಯೂ ಹೊಸ ಹೆಸರು ಬರೆದು, ಉಸಿರು ಹಿಡಿದು ಒತ್ತಿದೆ. ನೀಲಿ ಹೋಯಿತು. ಗೀತಮ್ಮ ಮೋಡಗಳ ಮುಂದೆ ತುಂಬಿದ ಹೊಟ್ಟೆ, ತುಂಬಿದ ಕೈಯೊಂದಿಗೆ ಕುಳಿತಿದ್ದಳು. ಅಂಗಡಿಯಲ್ಲಿ ಒಬ್ಬಳೇ ಇದ್ದೆ; ನಾಚಿಕೆ ಬಿಟ್ಟು ಚಪ್ಪಾಳೆ ತಟ್ಟಿದೆ.

ಬುಧವಾರ ನಾಗಲಿಂಗಮ್ಮನವರು ಬಂದು ಬಳೆಗಳನ್ನು ನೋಡಿ ನಿಟ್ಟುಸಿರುಬಿಟ್ಟರು. ಆಮೇಲೆ ಪರದೆಯ ಹತ್ತಿರ ಬಗ್ಗಿದರು.

“ಅಲ್ಲವ್ವ, ನನ್ನ ಸೀರಿ ಎಲ್ಲೈತಿ?”

“ಯಾವ ಸೀರಿ ಅಮ್ಮಾ?”

“ಹಿಂದ ಕಟ್ಟಿದ್ದು! ಉಜ್ಜಿನಪ್ಪ ನೀಲಿ ಅರಿವಿ ಬೇಕಂದ. ನಮ್ಮವ್ವ ನನ್ನ ಕುಬುಸಕ್ಕ ಉಡಿಸಿದ ಸೀರಿ, ಹುಟ್ಟೋ ಕೂಸು ಮುಂದ ನೋಡ್ಲಿ ಅಂತ ಪೆಟ್ಟಿಗಿಯಿಂದ ತಗದು ಕೊಟ್ಟೆ. ನೀವು ಅದನ್ನ ತಗದು ಮುಗಿಲು ಹಾಕೀರಿ. ಮುಗಿಲು ನಮ್ಮನಿ ಮ್ಯಾಲೂ ಐತಿ!”

ಮಾನ್ಯರೇ, ಆ ದಿನ ತಮ್ಮನ್ನು ಮುಟ್ಟದೆ ನಲವತ್ತೆರಡು ಶಾಟುಗಳನ್ನೂ ಹಿಂದಿನ ಸೀರೆ ಉಳಿಯುವಂತೆ, ಮೊದಲಿದ್ದಂತೆಯೇ ಜೋಡಿಸಿದೆ. ನಾಗಲಿಂಗಮ್ಮನವರು ಸಿಡಿಯನ್ನು ಎರಡು ಸಾರಿ ನೋಡಿ, ಕಣ್ಣೊರೆಸಿಕೊಂಡು, ಸೆರಗಿನಲ್ಲಿ ಸುತ್ತಿ ಒಯ್ದರು. ಉಜ್ಜಿನಪ್ಪನವರು, “ಹೊಸಪೇಟಿ ಮಾತು ಬಿಡವ್ವ ಇನ್ನ” ಎಂದರು.

ಆದಕಾರಣ ತಮ್ಮಲ್ಲಿ ಬಿನ್ನಹವೇನೆಂದರೆ, ದಯವಿಟ್ಟು ಮೂರನೆಯ ಬಟನ್ ಒಂದನ್ನು ತಾವಾಗಿಯೇ ಹೆತ್ತುಕೊಳ್ಳಬೇಕು. ಅದನ್ನು ಒತ್ತಿದರೆ ಏನನ್ನೇ ತೆಗೆಯುವ ಮುಂಚೆಯೂ ತಾವು ಎದ್ದು ಹೋಗಿ ಮನೆಯ ಹಿರಿಯರನ್ನು ಕೇಳಿಬರಬೇಕು. ಬಸ್ಸಿನ ಖರ್ಚು ಸ್ಟುಡಿಯೊದ್ದು.

ತಮ್ಮ ವಿಶ್ವಾಸಿ, ಈಗ ತಮ್ಮ ಒಳಗನ್ನೂ ಬಲ್ಲ,
ಶಾಂಭವಿ

ಮರೆತ ಮಾತು: ಗೀತಮ್ಮನ ಕೂಸಿನ ತೊಟ್ಟಿಲ ಕಾರ್ಯದ ವಿಡಿಯೊ ಕೂಡ ನಮಗೇ ಎಂದು ನಾಗಲಿಂಗಮ್ಮನವರು ಮುಂಚಿತವಾಗಿ ಹೇಳಿದ್ದಾರೆ. ಕ್ಯಾಮೆರಾಕ್ಕೆ, ಉಜ್ಜಿನಪ್ಪನವರಿಗೆ, ನನಗೆ ಊಟಕ್ಕೆ ಕರೆ ಬಂದಿದೆ. ತಮ್ಮನ್ನು ಕರೆದಿಲ್ಲ, ನಾನೂ ನೆನಪಿಸಲಿಲ್ಲ.